ಆಮೆನ್ ಅಂದ ಮೇಲೆ ಏನು ಮಾಡುತ್ತೀರಿ?

"ಯೇಸುವನ್ನು ನಂಬುವ ಧೈರ್ಯ ಇದ್ದರೆ ಇದನ್ನು ಹತ್ತು ಜನರಿಗೆ ಕಳಿಸಿ, ನಾಚಿಕೆ ಪಡುವವರು ಸುಮ್ಮನಿರಿ." ಇಂಥ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ಅದರ ಕೆಳಗೆ ಸಾಲುಸಾಲು ಆಮೆನ್. ಕಳಿಸಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಬೆರಳ ತುದಿಯಲ್ಲಿ ಮುಗಿಯುವ ಕೆಲಸಕ್ಕೆ ಧೈರ್ಯ ಯಾಕೆ ಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಧೈರ್ಯ ಕೊಡು ಅಂತ ನಿಜವಾಗಿ ಪ್ರಾರ್ಥಿಸಿದವರ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 4ನೇ ಅಧ್ಯಾಯದಲ್ಲಿದೆ. ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೋಹಾನ ಒಂದು ರಾತ್ರಿ ಸೆರೆಯಲ್ಲಿದ್ದು ಹೊರಬಂದಿದ್ದಾರೆ. ಇನ್ನು ಮುಂದೆ ಯೇಸುವಿನ ಹೆಸರೆತ್ತಿದರೆ ಹುಷಾರ್ ಅಂತ ಹಿರೀಸಭೆ, ಅಂದರೆ ಯೆಹೂದಿ ಮುಖಂಡರ ನ್ಯಾಯಸಭೆ, ಬೆದರಿಸಿ ಕಳಿಸಿದೆ. ಅದು ಪೊಳ್ಳು ಬೆದರಿಕೆ ಅಲ್ಲ. ಯೇಸುವಿನ ವಿಚಾರಣೆ ಮಾಡಿದ್ದೂ ಅದೇ ಹಿರೀಸಭೆ. ಇವರಿಬ್ಬರು ತಮ್ಮವರ ಹತ್ತಿರ ಬಂದು ನಡೆದದ್ದನ್ನು ಹೇಳುತ್ತಾರೆ, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ.

ನಾವಾಗಿದ್ದರೆ ಏನು ಕೇಳುತ್ತಿದ್ದೆವು? ಕರ್ತನೇ, ಈ ಶತ್ರುಗಳ ಬಾಯಿ ಕಟ್ಟು, ನಮ್ಮ ಸುತ್ತ ಬೇಲಿ ಹಾಕು. ಅವರು ಅದನ್ನು ಕೇಳಲಿಲ್ಲ. ಬೆದರಿಕೆಯನ್ನು ನೀನೇ ನೋಡಿಕೋ ಅಂದರು, ಅಷ್ಟೇ. ಕೇಳಿದ್ದು ಎರಡು: ನಿನ್ನ ವಾಕ್ಯವನ್ನು ಹೆದರದೆ ಹೇಳುವ ಶಕ್ತಿ ಕೊಡು, ರೋಗಿಗಳು ವಾಸಿಯಾಗುವಂತೆ ನಿನ್ನ ಕೈ ಚಾಚು. ತಮ್ಮ ತಲೆಯೇ ಅಪಾಯದಲ್ಲಿರುವಾಗ ಬೇರೆಯವರ ಕಾಯಿಲೆ ನೆನಪಾಗಿದೆ ನೋಡಿ.

ಆ ಪ್ರಾರ್ಥನೆ ಮುಗಿದಾಗ ಕೂಡಿದ್ದ ಸ್ಥಳ ನಡುಗಿತು. ಅದು 31ನೇ ವಚನ. ಚರ್ಚಿನಲ್ಲಿ ನಾನು ಕೇಳಿದ ಎಷ್ಟೋ ಪ್ರಸಂಗಗಳು ಅಲ್ಲಿಗೇ ನಿಲ್ಲುತ್ತವೆ. ನಡುಗಿದ ಮನೆ, ಪವಿತ್ರಾತ್ಮನ ಬಲ, ಹಲ್ಲೆಲೂಯ, ಮುಗಿಯಿತು. ಆದರೆ ಬರೆದವನು ನಿಲ್ಲಿಸಿಲ್ಲ. ಮುಂದೆ ಓದಿದರೆ, ಅವರಲ್ಲಿ ಕೊರತೆ ಇದ್ದವರು ಒಬ್ಬರೂ ಇರಲಿಲ್ಲ, ಹೊಲ ಮನೆ ಇದ್ದವರು ಮಾರಿ ಹಣ ತಂದು ಕೊಟ್ಟರು, ಅದನ್ನು ಬೇಕಾದವರಿಗೆ ಹಂಚಿದರು ಅಂತಿದೆ. ಸೈಪ್ರಸ್ ದ್ವೀಪದ ಬಾರ್ನಬ ತನ್ನ ಭೂಮಿ ಮಾರಿದ್ದೂ ಅಲ್ಲೇ ಇದೆ. ಒಂದೇ ಅಧ್ಯಾಯ. ಮನೆ ನಡುಗಿದ್ದನ್ನು ಸಾರುವಷ್ಟು ಹುರುಪಿನಿಂದ ಹೊಲ ಮಾರಿದ್ದನ್ನು ಯಾಕೆ ಸಾರುವುದಿಲ್ಲ? ಕೇಳುವವರಿಗೂ ಕಷ್ಟ, ಹೇಳುವವರಿಗೂ ಕಷ್ಟ, ಅದಕ್ಕೇ ಇರಬೇಕು.

ಇಷ್ಟೆಲ್ಲ ಗಲಾಟೆ ಶುರುವಾದದ್ದು ಹೇಗೆ ಅಂತಲೂ ನೋಡಿ. ಪೇತ್ರ ಯೋಹಾನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ದೇವಾಲಯಕ್ಕೆ ಹೊರಟಿದ್ದರು. ಬಾಗಿಲಲ್ಲಿ ಹುಟ್ಟು ಕುಂಟನೊಬ್ಬ ಭಿಕ್ಷೆ ಕೇಳಿದ. ಪ್ರಾರ್ಥನೆಗೆ ಹೊತ್ತಾಯಿತು, ಆಮೇಲೆ ನೋಡೋಣ ಅನ್ನಲಿಲ್ಲ. ನಿಂತರು, ಅವನ ಮುಖ ನೋಡಿದರು, ಬಲಗೈ ಹಿಡಿದು ಎಬ್ಬಿಸಿದರು. ಆ ಮೇಲೆಯೇ ಸೆರೆಮನೆ.

ಅದೇ ಆದಿಸಭೆಯ ಸ್ತೆಫನನ ಹೆಸರು ಹೇಳಿದರೆ ನಮಗೆ ನೆನಪಾಗುವುದು ಕಲ್ಲೆಸೆತ, ನಂಬಿಕೆಗಾಗಿ ಜೀವ ತೆತ್ತ ಮೊದಲ ರಕ್ತಸಾಕ್ಷಿ. ಅವನನ್ನು ಆರಿಸಿದ್ದು ಯಾವ ಕೆಲಸಕ್ಕೆ? ವಿಧವೆಯರಿಗೆ ದಿನದ ಊಟ ಸರಿಯಾಗಿ ಹಂಚುವುದಕ್ಕೆ. ಆ ಕೆಲಸಕ್ಕೆ ಕೇಳಿದ ಅರ್ಹತೆ ಏನು ಗೊತ್ತಾ? ಪವಿತ್ರಾತ್ಮಭರಿತರೂ ಜ್ಞಾನವಂತರೂ ಆಗಿರಬೇಕು. ಈಗ ನಾವು ಅಂಥವರನ್ನು ವೇದಿಕೆಗೆ ಹತ್ತಿಸುತ್ತೇವೆ, ಬಡಿಸುವ ಕೆಲಸ ಬೇರೆ ಯಾರಿಗೋ ಬಿಡುತ್ತೇವೆ.

ಪ್ರಾರ್ಥನೆಯ ವೀರ ಅಂದಾಗಲೆಲ್ಲ ಬರುವ ಇನ್ನೊಂದು ಹೆಸರು ಜಾರ್ಜ್ ಮುಲ್ಲರ್. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆ ಶುರು ಮಾಡಿದರು. ಅವರ ಆಶ್ರಯದಲ್ಲಿ ಬೆಳೆದ ಮಕ್ಕಳು 10,000ಕ್ಕಿಂತ ಜಾಸ್ತಿ. ಹಣಕ್ಕಾಗಿ ಮನುಷ್ಯರ ಮುಂದೆ ಕೈಚಾಚುವುದಿಲ್ಲ, ದೇವರನ್ನೇ ಕೇಳುತ್ತೇನೆ ಅನ್ನುವುದು ಅವರ ನಿಯಮ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗುವ ಭಾಗ ಬೇರೆ: ಅವರ ಲೆಕ್ಕದ ಪುಸ್ತಕ. ಬಂದ ಕಾಣಿಕೆ ಎಷ್ಟೇ ಚಿಕ್ಕದಿರಲಿ, ಬರೆದಿಟ್ಟರು. ವರದಿ ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟರು. ಮಂಡಿಯೂರಿ ಬೇಡಿದ ಮನುಷ್ಯನೇ ಎದ್ದು ಕೂತು ಲೆಕ್ಕ ಬರೆದ. ಈಗ ಮುಲ್ಲರ್ ಹೆಸರು ಹೇಳಿ ವಿಶ್ವಾಸದ ಸೇವೆ ಅನ್ನುವವರಲ್ಲಿ ಕೆಲವರು ಲೆಕ್ಕ ಕೇಳಿದರೆ ಅವಿಶ್ವಾಸ ಅಂತ ಸಿಡುಕುತ್ತಾರೆ. ಅಂಥವರ ಕೈಗೆ ಒಂದು ರೂಪಾಯಿ ಕೊಡಲೂ ನನಗೆ ಮನಸ್ಸಿಲ್ಲ.

ಸೇವೆಯ ಇನ್ನೊಂದು ಕಾಯಿಲೆ ಗಾಳ ಹಾಕುವುದು. ಊಟದ ಪೊಟ್ಟಣ ಕೊಡುವಾಗ ಮುಂದಿನ ಭಾನುವಾರ ಆರಾಧನೆಗೆ ಬರಲೇಬೇಕು ಅನ್ನುವುದು, ಪಡೆದವರ ಮುಖ ಕ್ಯಾಮೆರಾಕ್ಕೆ ಹಿಡಿಯುವುದು. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದಾಗ ತಿರುಗಿ ಬಂದವನು ಒಬ್ಬನೇ. ಒಂಬತ್ತು ಜನ ಎಲ್ಲಿ ಅಂತ ಕೇಳಿದ್ದು ನಿಜ. ಆದರೆ ಅವರಿಗೆ ಕೊಟ್ಟ ಗುಣವನ್ನು ಹಿಂದಕ್ಕೆ ಪಡೆಯಲಿಲ್ಲ. ನಂಬಿಕೆ ಯಾಕೆ ಅಂತ ಯಾರಾದರೂ ಕೇಳಿದರೆ ಧಾರಾಳವಾಗಿ ಹೇಳಿ, ಅದರಲ್ಲಿ ನಾಚಿಕೆ ಬೇಡ. ಊಟವನ್ನು ಮಾತ್ರ ಸುಮ್ನೆ ಕೊಡಿ.

ನಮ್ಮ ಕಾಲದಲ್ಲಿ ಧೈರ್ಯ ನೋಡಬೇಕಿದ್ದರೆ ನನಗೆ ನೆನಪಾಗುವುದು ಆಸ್ಟ್ರೇಲಿಯಾದ ಮಿಷನರಿ ಗ್ಲ್ಯಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಎಳೆಯ ಗಂಡುಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟು ಕೊಂದರು. ಆಕೆ ಕ್ಷಮಿಸಿದ್ದೇನೆ ಅಂದರು. ಅದೇ ರಾಜ್ಯದ ಬಾರಿಪದ ಊರಲ್ಲೇ ಉಳಿದು, ಕುಷ್ಠರೋಗಿಗಳ ಆರೈಕೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು. ಇದರ ಬಗ್ಗೆ ನಾನು ಜಾಸ್ತಿ ಬರೆಯಲಾರೆ.

ಒಂದು ಮಾತು ಸ್ಪಷ್ಟವಾಗಿರಲಿ. ಹಾಸಿಗೆ ಹಿಡಿದ ಹಿರಿಯರು, ಎದ್ದು ಓಡಾಡಲಾಗದವರು ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರಲ್ಲ, ಅದು ಪೂರ್ತಿ ಸೇವೆ. ಲೂಕನ ಸುವಾರ್ತೆಯಲ್ಲಿ ಬರುವ ಅನ್ನ ಎಂಬ ಮುದುಕಿ ದೇವಾಲಯ ಬಿಟ್ಟು ಹೋಗದೆ ಹಗಲು ರಾತ್ರಿ ಮಾಡಿದ್ದೂ ಅದನ್ನೇ. ನಾನು ಹೇಳುತ್ತಿರುವುದು ಕೈಕಾಲು ಗಟ್ಟಿ ಇರುವ ನಮ್ಮ ಬಗ್ಗೆ. ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ "ಸಮಾಧಾನದಿಂದ ಹೋಗು" ಅಂದರೆ ಏನು ಪ್ರಯೋಜನ ಅಂತ ಬೈಬಲಿನ ತನ್ನ ಪತ್ರದಲ್ಲಿ ಯಾಕೋಬ ಕೇಳಿದ್ದು ನಮ್ಮನ್ನೇ.

ಮುಂದಿನ ಸಲ ಗುಂಪಿನಲ್ಲಿ ಪ್ರಾರ್ಥನಾ ವಿಜ್ಞಾಪನೆ ಬಂದರೆ ಕೈ ಜೋಡಿಸಿದ ಎಮೋಜಿ ಹಾಕಿ, ತಪ್ಪಿಲ್ಲ. ನಿಜವಾಗಿಯೂ ಪ್ರಾರ್ಥಿಸಿ. ಆಮೇಲೆ ಆ ಮನೆಗೆ ಫೋನ್ ಮಾಡಿ ಕೇಳಿ: ಈ ರಾತ್ರಿ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಯಾರಿರುತ್ತಾರೆ? ಯಾರೂ ಇಲ್ಲ ಅಂದರೆ, ನಾನು ಬರುತ್ತೇನೆ ಅನ್ನಿ.