ಹಬ್ಬಕ್ಕೆ ಯಾರ ಮನೆಗೆ?

ನಮ್ಮ ಪಕ್ಕದ ಮನೆಯ ಗಂಡ-ಹೆಂಡತಿ ಪ್ರತಿ ಅಕ್ಟೋಬರಿನಲ್ಲಿ ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಮುಂದಿನ ವರ್ಷದ ಕ್ಯಾಲೆಂಡರ್ ಹರಡಿಕೊಂಡು ಕೂರುತ್ತಾರೆ. ಅವನ ಕೈಯಲ್ಲಿ ನೀಲಿ ಪೆನ್ನು, ಅವಳ ಕೈಯಲ್ಲಿ ಕೆಂಪು ಪೆನ್ನು. ಮದುವೆಯಾಗಿ ನಾಲ್ಕು ವರ್ಷವಾಗಿದೆ. ಅವನು ನೆದರ್ಲೆಂಡ್ಸಿನ ಉತ್ತರದ ಫ್ರೀಸ್ಲಾಂಡ್ ಕಡೆಯವನು. ಅವಳು ದಕ್ಷಿಣದ ತುದಿಯ ಲಿಂಬರ್ಗ್ ಕಡೆಯವಳು. ನಾವಿರುವುದು ಉಟ್ರೆಕ್ಟ್ ಊರಿನಲ್ಲಿ, ಹೆಚ್ಚುಕಡಿಮೆ ಎರಡರ ನಡುವೆ. ಅವರು ಈ ಊರು ಆರಿಸಿಕೊಂಡದ್ದೇ ಅದಕ್ಕಂತೆ. ಯಾರ ಅಪ್ಪ-ಅಮ್ಮನ ಮನೆಗೆ ಹೋಗಬೇಕಾದರೂ ಕಾರಿನಲ್ಲಿ ಸುಮಾರು ಎರಡು ಗಂಟೆ.

ಇಲ್ಲಿ ಕ್ರಿಸ್‌ಮಸ್ ಎರಡು ದಿನದ ಹಬ್ಬ. ಡಿಸೆಂಬರ್ 25 ಮೊದಲನೇ ದಿನ, 26 ಎರಡನೇ ದಿನ. ಎರಡು ದಿನವೂ ಸರ್ಕಾರಿ ರಜೆ. ಮದುವೆಯಾದವರಿಗೆ ಇದು ತುಂಬಾ ಅನುಕೂಲ. ಒಂದು ದಿನ ಅವನ ಮನೆ, ಇನ್ನೊಂದು ದಿನ ಅವಳ ಮನೆ. ಮುಂದಿನ ವರ್ಷ ಅದಲು ಬದಲು. ಫೆಬ್ರವರಿಯ ಹೊತ್ತಿಗೆ ಬರುವ ಕಾರ್ನಿವಾಲ್ ಲಿಂಬರ್ಗಿನವರ ದೊಡ್ಡ ಹಬ್ಬ, ಅದನ್ನು ಬಿಡುವ ಮಾತೇ ಇಲ್ಲ, ಅದು ಕೆಂಪು. ಬೇಸಿಗೆಯಲ್ಲಿ ಒಂದು ವಾರ ಫ್ರೀಸ್ಲಾಂಡಿನ ಕೆರೆಗಳಲ್ಲಿ ದೋಣಿ ನಡೆಸುವುದು, ಅದು ನೀಲಿ. ಉಳಿದ ದಿನಗಳು ಅವರಿಬ್ಬರದೇ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಕಸಿವಿಸಿಯಾಯಿತು. ಹೆತ್ತವರ ಮನೆಗೆ ಹೋಗೋದಕ್ಕೂ ಲೆಕ್ಕವೇ ಅನ್ನಿಸಿತು. ಈಗ ಹಾಗೆ ಅನ್ನಿಸುವುದಿಲ್ಲ. ಮದುವೆಯಾದ ಪ್ರತಿ ಜೋಡಿಯೂ ಮೊದಲ ವರ್ಷವೇ ಕೂತು ಮಾಡಬೇಕಾದ ಕೆಲಸ ಇದು ಅಂತ ಈಗ ನಂಬಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನಮ್ಮನೆಯ ಕಥೆಯನ್ನೇ ಹೇಳಬೇಕು.

ನಾನು ತಿಪಟೂರಿನವನು, ನನ್ನ ಹೆಂಡತಿ ಧಾರವಾಡದವಳು. ಮದುವೆಯಾದದ್ದು 2023ರಲ್ಲಿ. ಆ ವರ್ಷ ನಾವು ಯಾವ ಕ್ಯಾಲೆಂಡರನ್ನೂ ಹರಡಲಿಲ್ಲ. ಹಬ್ಬ ಅಂದರೆ ಗಂಡನ ಮನೆ, ಅದನ್ನು ಕೇಳುವುದೇನಿದೆ? ಆಗಸ್ಟ್ ಕೊನೆಯಲ್ಲಿ ವರಮಹಾಲಕ್ಷ್ಮಿಗೆ ತಿಪಟೂರಿಗೆ ಹೋದೆವು. ಹೊಸ ಸೊಸೆ ಬಂದ ವರ್ಷ, ಅಮ್ಮನ ಸಡಗರ ಹೇಳತೀರದು. ಅಲ್ಲಿಗೆ ರಜೆಯೂ ಮುಗಿಯಿತು, ದುಡ್ಡೂ ಮುಗಿಯಿತು.

ನವೆಂಬರಿನಲ್ಲಿ ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿ ಅಳಿಯನದು. ಮಾವನ ಮನೆಯಲ್ಲಿ ಎಣ್ಣೆನೀರು, ಹೊಸ ಬಟ್ಟೆ, ಆರತಿ. ಇದು ತಿಪಟೂರಿನಲ್ಲೂ ಇದೆ, ಧಾರವಾಡದಲ್ಲೂ ಇದೆ. ನಾವು ಹೋಗಲಾಗಲಿಲ್ಲ. ಮಾವನವರು ದಸರಾ ಹೊತ್ತಿಗೇ ನನಗೆ ಜರಿಯಂಚಿನ ಪಂಚೆ ತಂದಿಟ್ಟಿದ್ದರು. ಹಬ್ಬದ ದಿನ ಅತ್ತೆ ಫೋನಿನ ಪರದೆಯ ಮುಂದೆ ಆರತಿ ಹಿಡಿದು ನಿಂತರು. ಅತ್ತೆಯ ಹಿಂದೆ ಅಡುಗೆಮನೆ, ಸಾಲು ದೀಪ, ಅಣ್ಣನ ಮಕ್ಕಳ ಗದ್ದಲ. "ಇರ್ಲಿ ಬಿಡ್ರಿ, ಮುಂದಿನ ಸಲ ಆತು" ಅಂದರು ಮಾವ. ಆದರೆ ಮೊದಲ ದೀಪಾವಳಿಗೆ ಮುಂದಿನ ಸಲ ಅನ್ನುವುದು ಇರುತ್ತದೆಯೇ?

ಆ ರಾತ್ರಿ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಮಾರನೇ ದಿನ ಚಹಾ ಕುಡಿಯುವಾಗ ಕೇಳಿದಳು, "ನಿಮ್ಮನಿ ಹಬ್ಬಕ್ಕ ರಜಾ ಸಿಕ್ತು. ನಮ್ಮನಿ ಹಬ್ಬಕ್ಕ ಯಾಕ ಸಿಗಲಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಜಗಳವಾಡಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ಅವಳು ಜಗಳ ಆಡಲಿಲ್ಲ, ಸುಮ್ನೆ ಕೇಳಿದಳು. ಆಮೇಲೆ ನನ್ನ ಮಾತುಗಳನ್ನೇ ಗಮನಿಸತೊಡಗಿದೆ. ತಿಪಟೂರಿಗೆ ಹೊರಟರೆ "ಹಬ್ಬಕ್ಕೆ ಊರಿಗೆ ಹೋಗ್ತಿದ್ದೀವಿ" ಅನ್ನುತ್ತಿದ್ದೆ. ಧಾರವಾಡಕ್ಕಾದರೆ "ಒಂದೆರಡು ದಿನ ಹೋಗಿ ಬರ್ತೀವಿ". ಒಂದು ಕಡೆ ಹೋಗುವುದು, ಇನ್ನೊಂದು ಕಡೆ ಹೋಗಿ ಬರುವುದು. ಇದನ್ನು ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು.

ಹಾಗಂತ ನಮ್ಮ ಹಿರಿಯರು ಹೆಣ್ಣುಮಕ್ಕಳ ತವರನ್ನು ಮರೆತಿರಲಿಲ್ಲ. ಹಬ್ಬಗಳನ್ನು ಹಂಚಿಯೇ ಇಟ್ಟಿದ್ದರು. ನಮ್ಮ ಕಡೆ ಗೌರಿ ಹಬ್ಬ ತವರಿನದು. ಮೊರದ ಬಾಗಿನ ಕೊಡುವುದು, ಅಣ್ಣ-ತಮ್ಮಂದಿರು ಸೀರೆಗೆ ದುಡ್ಡು ಕಳಿಸುವುದು ಎಲ್ಲ ಅದಕ್ಕೇ. ಧಾರವಾಡದ ಕಡೆ ಆ ಜಾಗ ನಾಗರ ಪಂಚಮಿಯದು. ರೊಟ್ಟಿ ಹಬ್ಬದಿಂದ ಶುರುವಾಗಿ ಮನೆಮನೆಗೆ ರೊಟ್ಟಿ-ಪಲ್ಯ ಹಂಚಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಮರಕ್ಕೆ ಕಟ್ಟಿದ ಜೋಕಾಲಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ಊರು ಸೇರುವ ಹಬ್ಬ ಅದು. ಮದುವೆಗೆ ಮುಂಚೆ ನನಗೆ ಇದರ ತೂಕವೇ ಗೊತ್ತಿರಲಿಲ್ಲ. ತಿಪಟೂರಿನಲ್ಲಿ ಪಂಚಮಿ ಅಂದರೆ ಹುತ್ತಕ್ಕೆ ತನಿ ಎರೆದು ಬರುವುದು, ಅಷ್ಟೆ. ಒಂದೇ ಭಾಷೆ ಆಡುವ ನಾವಿಬ್ಬರೂ ಯುಗಾದಿಗೆ ಬೇವನ್ನೂ ಒಂದೇ ಥರ ತಿನ್ನುವುದಿಲ್ಲ. ನಮ್ಮನೆಯಲ್ಲಿ ಬೇವು-ಬೆಲ್ಲ ಅಗಿಯುತ್ತೇವೆ. ಅವರ ಮನೆಯಲ್ಲಿ ಬೇವು ಅಂದರೆ ಲೋಟದಲ್ಲಿ ಕುಡಿಯುವ ಪಾನಕ.

ಹಳೆಯ ಹಂಚಿಕೆ ಇದ್ದದ್ದು ನಿಜ. ಆದರೆ ಅದು ಎತ್ತಿನ ಗಾಡಿ, ಬಸ್ಸಿನ ಕಾಲಕ್ಕೆ ಸರಿಹೊಂದಿದ್ದು. ಹೆಣ್ಣು ವರ್ಷವೆಲ್ಲ ಗಂಡನ ಮನೆಯಲ್ಲಿರುತ್ತಾಳೆ, ಒಂದು ಹಬ್ಬಕ್ಕೆ ತವರಿಗೆ ಬರುತ್ತಾಳೆ ಅನ್ನುವ ಲೆಕ್ಕ ಅದರ ಹಿಂದಿದೆ. ಈಗ ನಾವಿಬ್ಬರೂ ವರ್ಷವೆಲ್ಲ ಯಾರ ಮನೆಯಲ್ಲೂ ಇಲ್ಲ. ಇಬ್ಬರೂ ದುಡಿಯುತ್ತೇವೆ, ಇಬ್ಬರಿಗೂ ವರ್ಷಕ್ಕೆ 25 ದಿನ ರಜೆ. ಹೀಗಿರುವಾಗ ಇರುವ ಒಂದೇ ಪ್ರಯಾಣ ಪ್ರತಿ ಸಲವೂ ನನ್ನೂರಿನ ಹಬ್ಬಕ್ಕೇ ಯಾಕೆ ಆಗಬೇಕು? ಇದಕ್ಕೆ ಸಂಪ್ರದಾಯ ಅನ್ನುವ ಉತ್ತರ ಸಾಲದು. ಸಂಪ್ರದಾಯದಲ್ಲಿ ಪಂಚಮಿ ಇತ್ತಲ್ಲ, ಅದನ್ನು ಕೈಬಿಟ್ಟವರು ನಾವೇ ಅಲ್ವಾ?

2024ರ ಅಕ್ಟೋಬರಿನಲ್ಲಿ ನಾವೂ ಮೇಜಿನ ಮುಂದೆ ಕೂತೆವು. ಪಕ್ಕದ ಮನೆಯವರಷ್ಟು ಸುಲಭವಲ್ಲ ಇದು. ಅವರ ಡಿಸೆಂಬರ್ 25 ಎಲ್ಲೂ ಹೋಗುವುದಿಲ್ಲ. ನಮ್ಮ ಹಬ್ಬಗಳು ಚಂದ್ರನ ಹಿಂದೆ ಓಡುತ್ತವೆ. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ನೋಡಿ ಹೇಳಿದಳು, ಮಾವ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದರು. 2025ರಲ್ಲಿ ನಾಗರ ಪಂಚಮಿ ಜುಲೈ 29, ವರಮಹಾಲಕ್ಷ್ಮಿ ಆಗಸ್ಟ್ 8. ನಡುವೆ ಹತ್ತೇ ದಿನ! ಎರಡೂ ಶ್ರಾವಣದ ಶುಕ್ಲ ಪಕ್ಷದಲ್ಲೇ ಬರುವ ಹಬ್ಬಗಳು, ಯಾವ ವರ್ಷವಾದರೂ ಹತ್ತಿರ ಹತ್ತಿರವೇ. ಇಷ್ಟು ದಿನ ಇದು ನಮಗೆ ಹೊಳೆದೇ ಇರಲಿಲ್ಲ. ಇಲ್ಲಿ ಕಾನೂನಿನ ಪ್ರಕಾರ ವರ್ಷದ ಸಂಬಳದ ಮೇಲೆ ಕನಿಷ್ಠ ಶೇಕಡ 8ರಷ್ಟು ರಜೆ ಭತ್ಯೆ ಕೊಡುತ್ತಾರೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಟಿಕೆಟ್ಟಿನ ದುಡ್ಡು ಅದರಿಂದ ಅಂತ ತೀರ್ಮಾನಿಸಿದೆವು.

ಮೊದಲು ಧಾರವಾಡ, ಆಮೇಲೆ ತಿಪಟೂರು. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ನನ್ನ ಗಂಟಲು ಒಣಗಿತ್ತು. ಯಾಕೆಂದರೆ ನಮ್ಮಿಬ್ಬರ ಊರೂ ಒಂದೇ ರೈಲು ದಾರಿಯಲ್ಲಿವೆ. ಬೆಂಗಳೂರಿನಿಂದ ಹೊರಟ ಧಾರವಾಡದ ರೈಲು ತಿಪಟೂರಿನ ಮೇಲೇ ಹಾದು ಹೋಗಬೇಕು. "ನಮ್ಮೂರ್ ಮೇಲೇ ಹೋಗ್ತೀರ, ಇಳಿಯಲ್ವಾ?" ಅಂದಳು ಅಮ್ಮ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ರೈಲು ಹೇಳು" ಅಂದಳು.

ನನ್ನ ಹೆಂಡತಿಯ ಅಣ್ಣ ಬೆಂಗಳೂರಿನ ವಿಮಾನ ನಿಲ್ದಾಣಕ್ಕೇ ಬಂದು ನಿಂತಿದ್ದರು. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರಬೇಕು, ಅದು ಅವರ ಕಡೆಯ ರೀತಿ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಮತ್ತೆ ನಮ್ಮ ಜೊತೆ ಅಷ್ಟೇ ದೂರ ವಾಪಸ್ಸು. ತಿಪಟೂರಿನಲ್ಲಿ ರೈಲು ನಿಂತದ್ದು ಎರಡೇ ನಿಮಿಷ. ಅಮ್ಮ ಪ್ಲಾಟ್‌ಫಾರಂನಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಮಿಠಾಯಿ ಡಬ್ಬಿಯನ್ನು ಸೊಸೆಯ ಕೈಗೇ ಕೊಟ್ಟು, "ಇದು ಬೀಗರಿಗೆ" ಅಂದಳು. ಸೊಸೆಯ ತಲೆ ಸವರಿದಳು. ರೈಲು ಹೊರಟಿತು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ಅಮ್ಮ ಕಾಣದಾಗುವವರೆಗೂ ಕೈ ಬೀಸಿದಳು. ಅಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ?

ಧಾರವಾಡದ ಪಂಚಮಿಯ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನನ್ನ ಹೆಂಡತಿ ಜೋಕಾಲಿ ಆಡುವುದನ್ನು ನಾನು ಮೊದಲ ಸಲ ನೋಡಿದೆ. ಹತ್ತು ದಿನ ಅವಳ ದನಿಯೇ ಬೇರೆಯಾಗಿತ್ತು.

ಡಚ್ಚರಿಂದ ನಾನು ಕಲಿತದ್ದು ಇನ್ನೂ ಒಂದಿದೆ. ಕ್ರಿಸ್‌ಮಸ್ಸಿಗೆ ಇಲ್ಲಿ ಬಹಳ ಮನೆಗಳಲ್ಲಿ ಗುರ್ಮೆಟನ್ ಅಂತ ಮಾಡುತ್ತಾರೆ. ಊಟದ ಮೇಜಿನ ನಡುವೆ ಕರೆಂಟಿನ ಹಂಚು ಇಟ್ಟು, ಎಲ್ಲರ ಕೈಗೂ ಒಂದೊಂದು ಪುಟ್ಟ ಬಾಣಲೆ ಕೊಡುತ್ತಾರೆ. ಹೆಚ್ಚಿದ ತರಕಾರಿ, ಅಣಬೆ, ಮೊಟ್ಟೆ, ಮಾಂಸ ಸುತ್ತಲೂ ಇರುತ್ತದೆ. ಅವರವರಿಗೆ ಬೇಕಾದ್ದನ್ನು ಅವರವರೇ ಬೇಯಿಸಿಕೊಂಡು ಮೂರು ಗಂಟೆ ಮಾತಾಡುತ್ತಾ ತಿನ್ನುತ್ತಾರೆ. ರುಚಿಯಲ್ಲಿ ನಮ್ಮ ಹಬ್ಬದ ಊಟದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಂದು ಮಾತು. ಆ ಮೇಜಿನ ಸುತ್ತ ಮನೆಯ ಅಮ್ಮನೂ ಕೂತಿರುತ್ತಾಳೆ.

ನನ್ನಮ್ಮ ಹಬ್ಬದ ದಿನ ಎಲ್ಲರ ಜೊತೆ ಕೂತು ಉಂಡದ್ದನ್ನು ನಾನು ನೋಡಿಯೇ ಇಲ್ಲ. ವರಮಹಾಲಕ್ಷ್ಮಿಗೆ ನಾಲ್ಕು ಗಂಟೆಗೆ ಎದ್ದರೆ ಕಳಶಕ್ಕೆ ಸೀರೆ ಉಡಿಸಬೇಕು, ಒಬ್ಬಟ್ಟು ಆಗಬೇಕು, ಕೋಸಂಬರಿ, ಪಾಯಸ, ಹುಳಿಯನ್ನ ಆಗಬೇಕು. ಬಡಿಸಿ ಮುಗಿಸಿ ಅವಳು ಎಲೆ ಮುಂದೆ ಕೂರುವಾಗ ಸಂಜೆ ನಾಲ್ಕು. ಅಷ್ಟರಲ್ಲಿ ಅರಿಶಿನ-ಕುಂಕುಮಕ್ಕೆ ಹೆಂಗಸರು ಬರಲು ಶುರು. ಮೊದಲ ವರ್ಷ ನನ್ನ ಹೆಂಡತಿಯೂ ಅವಳ ಪಕ್ಕದಲ್ಲೇ ನಿಂತು ಅಷ್ಟೇ ಹೊತ್ತಿಗೆ ಉಂಡಿದ್ದಳು. ನಾನು ಹನ್ನೆರಡೂವರೆಗೆ ಉಂಡು ಮಲಗಿದ್ದೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

2025ರ ಹಬ್ಬಕ್ಕೆ ನಾನೂ ನಾಲ್ಕು ಗಂಟೆಗೆ ಎದ್ದೆ. ಅಮ್ಮ ಮೊದಲು ಬೇಡ ಅಂದಳು. ಮಡಿಯಲ್ಲಿ ಬಾ ಅಂದಳು. ಸ್ನಾನ ಮಾಡಿ ಬಂದೆ. ಕಣಕ ಎಷ್ಟು ನಾದಬೇಕು, ಹೂರಣ ಎಷ್ಟು ಗಟ್ಟಿ ಇರಬೇಕು ಅಂತ ತೋರಿಸಿದಳು. ನನ್ನ ಮೊದಲ ಏಳೆಂಟು ಒಬ್ಬಟ್ಟು ಹರಿದವು, ಆಮೇಲಿನವು ಸರಿಹೋದವು. ಅಪ್ಪ ಬಡಿಸಲು ನಿಂತರು. ಒಂದು ಗಂಟೆಗೆ ಅಮ್ಮ, ಸೊಸೆ, ಚಿಕ್ಕಮ್ಮ ಮೂವರೂ ಮೊದಲ ಪಂಕ್ತಿಯಲ್ಲಿ ಕೂತರು. ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಅಮ್ಮ, "ಹಬ್ಬದ ಒಬ್ಬಟ್ಟು ಬಿಸಿ ಬಿಸಿ ತಿಂದು ಎಷ್ಟು ವರ್ಷ ಆಯ್ತೋ" ಅಂದಳು.

ನಮ್ಮ ರೀತಿಯಲ್ಲಿ ಡಚ್ಚರಿಗೆ ಇಲ್ಲದ್ದೂ ಇದೆ. ಪಕ್ಕದ ಮನೆಯವಳಿಗೆ ಅಣ್ಣ ಕರೆಯಲು ಬಂದ ಕಥೆ ಹೇಳಿದಾಗ ಅವಳು ಮೂರು ಸಲ ಕೇಳಿದಳು, ಬರೀ ಕರೆದುಕೊಂಡು ಹೋಗಲು ಅಷ್ಟು ದೂರ ಬಂದರಾ ಅಂತ. ಅವಳೇ ಅವಳಮ್ಮನ ಮನೆಗೆ ಹೋಗಬೇಕಾದರೂ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಕರೆಯಲು ಯಾರೂ ಬರುವುದಿಲ್ಲ, ದಾರಿ ಕಾಯುವವರು ಮಾತ್ರ ಇರುತ್ತಾರೆ. ಕ್ಯಾಲೆಂಡರಿನಲ್ಲಿ ಬಣ್ಣ ತುಂಬುವುದನ್ನು ಅವರಿಂದ ಕಲಿತೆವು ನಿಜ, ಆದರೆ ಅಣ್ಣ ಬರುವುದನ್ನು ನಾವು ಬಿಡಬಾರದು. ಟ್ಯಾಕ್ಸಿ ಮಾಡಿಕೊಂಡು ಬಂದರೆ ಆಯ್ತಲ್ಲ ಅನ್ನುವವರು ಆ ರೈಲಿನಲ್ಲಿ ಅಣ್ಣ-ತಂಗಿ ಮಾತಾಡಿಕೊಂಡು ಹೋದ ಆ ಹಗಲನ್ನು ನೋಡಬೇಕಿತ್ತು.

2026ರ ಕ್ಯಾಲೆಂಡರ್ ಮಾತ್ರ ಬೇರೆ ಥರ. ಸೆಪ್ಟೆಂಬರಿನಲ್ಲಿ ನಮಗೆ ಮಗುವಾಗಲಿದೆ. ರೂಢಿಯಂತೆ ಬಾಣಂತನ ತವರಿನಲ್ಲಿ ಆಗಬೇಕು. ಅತ್ತೆಯ ಮನಸ್ಸಿನಲ್ಲೂ ಅದೇ ಇತ್ತು. ಕೋಣೆಗೆ ಸಾಂಬ್ರಾಣಿ ಹೊಗೆ, ಎಣ್ಣೆ-ನೀರು, ಬಜೆ, ಮೆಂತ್ಯದ ಉಂಡಿ ಎಲ್ಲದರ ಯೋಚನೆಯೂ ಅವರಲ್ಲಿ ತಯಾರಿತ್ತು. ಆದರೆ ಐದು ತಿಂಗಳು ಮಗುವನ್ನು ಪರದೆಯಲ್ಲಿ ನೋಡುವುದು ನನ್ನಿಂದ ಆಗದ ಮಾತು. ಇಲ್ಲಿ ತಾಯಿಗೆ 16 ವಾರ ರಜೆ. ತಂದೆಗೆ ಒಂದು ವಾರ ಪೂರ್ತಿ ಸಂಬಳದ ರಜೆ, ಆಮೇಲೆ ಶೇಕಡ 70ರ ಲೆಕ್ಕದಲ್ಲಿ ಐದು ವಾರ. ಹೆರಿಗೆಯಾದ ಮೊದಲ ವಾರ ದಾದಿಯೊಬ್ಬರು ಮನೆಗೇ ಬಂದು ತಾಯಿ-ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ದಾದಿ ಹೋದ ಮ್ಯಾಲ ನನ್ನ ಮಗಳ ತಲೀಗೆ ಎಣ್ಣಿ ಹಚ್ಚೋರು ಯಾರು?"

ಅದಕ್ಕೇ ಅವರೇ ಬರುತ್ತಿದ್ದಾರೆ. ಭೇಟಿಯ ವೀಸಾದಲ್ಲಿ ಒಂದು ಸಲಕ್ಕೆ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಆಗಸ್ಟ್ ನಡುವಿನಿಂದ ಅತ್ತೆ, ನವೆಂಬರಿನಿಂದ ಅಮ್ಮ. ಪಕ್ಕದ ಮನೆಯಲ್ಲಿ ಹೋದ ವರ್ಷ ಹುಟ್ಟಿದ ಮಗುವನ್ನು ಅಜ್ಜಿಯರಿಬ್ಬರು ವಾರ ಬಿಟ್ಟು ವಾರ ಬಂದು ಆಡಿಸುತ್ತಾರೆ. ಒಬ್ಬರು ಫ್ರಿಸಿಯನ್ನಿನಲ್ಲಿ ಮಾತಾಡಿಸುತ್ತಾರೆ, ಇನ್ನೊಬ್ಬರು ಲಿಂಬರ್ಗಿನ ನುಡಿಯಲ್ಲಿ. ನಮ್ಮ ಮಗುವೂ ಒಬ್ಬ ಅಜ್ಜಿಯಿಂದ "ಬಾರೋ ಕಂದ" ಅನ್ನುವುದನ್ನು, ಇನ್ನೊಬ್ಬ ಅಜ್ಜಿಯಿಂದ "ಬಾರಲೇ ಕೂಸ" ಅನ್ನುವುದನ್ನು ಕೇಳಿ ಬೆಳೆಯಲಿ ಅನ್ನುವುದು ನಮ್ಮಿಬ್ಬರ ಆಸೆ. ಯಾವುದು ಸರಿ ಅಂತ ಅದನ್ನು ಯಾರೂ ತಿದ್ದಬಾರದು.

ನವೆಂಬರ್ ಎರಡನೇ ವಾರಕ್ಕೆ ಕ್ಯಾಲೆಂಡರಿನಲ್ಲಿ ಎರಡೂ ಬಣ್ಣ ಬಳಿದಿದ್ದೇವೆ. ಅತ್ತೆ ಇನ್ನೂ ಹೊರಟಿರುವುದಿಲ್ಲ, ಅಮ್ಮ ಆಗಲೇ ಬಂದಿರುತ್ತಾಳೆ. ಮಾವನೂ ಆ ಹೊತ್ತಿಗೆ ಬರುತ್ತಾರೆ. ಅದೇ ವಾರ ದೀಪಾವಳಿ. 2023ರಲ್ಲಿ ತಂದಿಟ್ಟ ಪಂಚೆಯನ್ನು ನಾವು ಪಂಚಮಿಗೆ ಹೋದಾಗಲೂ ಮಾವ ಕೊಡಲಿಲ್ಲ, "ಅದು ದೀಪಾವಳಿಗೇ ಉಡೋದ್ರಿ" ಅಂದಿದ್ದರು. ಹೋದ ವಾರ ಫೋನ್ ಮಾಡಿ, ಚೀಲದಲ್ಲಿ ಎಷ್ಟು ಕೇಜಿ ತರಬಹುದು ಅಂತ ಕೇಳಿದರು. ಪಂಚೆ ಇನ್ನೂ ಮಡಿಕೆ ಬಿಚ್ಚದೆ ಬೀರುವಿನಲ್ಲೇ ಇದೆಯಂತೆ. ಅದರ ಪಕ್ಕದಲ್ಲಿ ಈಗ ಒಂದು ಪುಟ್ಟ ಕುಲಾವಿಯನ್ನೂ ಇಟ್ಟಿದ್ದಾರಂತೆ.