ಗಡಿ ಊರಿನವರ ಪಾಡನ್ನೂ ಬರೆಯಿರಿ

ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಮರುನೋಂದಣಿ ಮಾಡಿಸಲೇಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವುದೂ ಅದನ್ನೇ. ಆದರೆ ನಮ್ಮದು ಮುಳಬಾಗಿಲು. ನಂಗಲಿ ದಾಟಿದರೆ ಆಂಧ್ರ. ಹೆಣ್ಣು ಕೊಡೋದು, ತರೋದು, ಟೊಮೆಟೊ ವ್ಯಾಪಾರ ಎಲ್ಲಾ ಎರಡೂ ಕಡೆ. ನಮ್ಮ ಬೀದಿಯಲ್ಲಿ ಕೆಎ 07 ಪಕ್ಕದಲ್ಲೇ ಎಪಿ 39 ನಿಂತಿರುತ್ತದೆ.

ಎರಡು ವರ್ಷದ ಹಿಂದೆ ಚಿತ್ತೂರು ಕಡೆಯಿಂದ ಹಳೇ ಬೈಕ್ ತಂದೆ. ಮಾರಿದವರು ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಅಲ್ಲಿನ ಆರ್‌ಟಿಒ ಕೊಡುವ ಪತ್ರ) ಆಮೇಲೆ ಕೊಡ್ತೀನಿ ಅಂದರು, ನಂಬಿದೆ. ಮೂರು ಸಲ ಕೆಲಸ ಬಿಟ್ಟು ಹೋಗಿ ಬಂದೆ. ಆ ಕಾಗದ ಕೈಗೆ ಬರದೆ ಇಲ್ಲಿ ಹೊಸ ನಂಬರ್ ಸಿಗಲ್ಲ. ದಯವಿಟ್ಟು ಯಾರೂ ಎನ್‌ಒಸಿ ನೋಡದೆ ದುಡ್ಡು ಕೊಡಬೇಡಿ. ಆಮೇಲೆ ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದು ವಾಪಸ್ ಬೇಕಂದ್ರೆ ಮತ್ತೆ ಅಲ್ಲಿಗೇ ಅರ್ಜಿ.

2021ರಲ್ಲಿ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ಬಂತು. ಅದು ಸರ್ಕಾರಿ ನೌಕರರಿಗೆ, ನಾಲ್ಕಾರು ರಾಜ್ಯಗಳಲ್ಲಿ ಆಫೀಸು ಇರುವ ಕಂಪನಿಯವರಿಗೆ. ದಿನಾ ಗಡಿ ದಾಟುವ ರೈತರಿಗೆ, ಕೂಲಿಯವರಿಗೆ ಯಾಕಿಲ್ಲ? ನಿಮ್ಮ ಮುಂದಿನ ಲೇಖನದಲ್ಲಿ ಇದನ್ನು ಕೇಳಿ ಸಾರ್.