ಐವತ್ತು ಡಯಾ ಮಹಾತ್ಮೆ

ನಮ್ಮ ಪಕ್ಕದ ಮನೆ ತಾರಸಿಯಲ್ಲಿ ಒಂಬತ್ತು ಪಿಲ್ಲರಿನ ಕಂಬಿಗಳು ಹನ್ನೊಂದು ವರ್ಷ ಆಕಾಶ ನೋಡುತ್ತಾ ನಿಂತಿದ್ದವು. ಮುಂದೊಂದು ಮಹಡಿ ಏಳುತ್ತದಲ್ಲ, ಅದಕ್ಕೆ. ತುದಿಗಳಿಗೆ ತಲೆಕೆಳಗಾದ ನೀರಿನ ಬಾಟಲಿ, ಒಂದಕ್ಕೆ ಯಾರದ್ದೋ ಹಳೇ ಹೆಲ್ಮೆಟ್, ನಡುವೆ ಬಟ್ಟೆ ಹಗ್ಗ. ಮೂಲೆಯ ಪಿಲ್ಲರಿಗೆ ದೃಷ್ಟಿ ಗೊಂಬೆ. ಮಳೆಗಾಲದಲ್ಲಿ ಬಾಟಲಿಗಳ ಮೇಲೆ ಹನಿ ಬಿದ್ದರೆ ಜಲತರಂಗ ಕೇಳಿದ ಹಾಗಿರುತ್ತಿತ್ತು. ಟಿಕೆಟ್ ಇಲ್ಲದ ಕಛೇರಿ.

ಈಗ ಅವರ ಮಗನಿಗೆ ಮದುವೆ ಗೊತ್ತಾಗಿದೆ. ಮಹಡಿ ಎದ್ದಿತು. ಮೇಸ್ತ್ರಿ ಬಾಟಲಿ ಕಿತ್ತರು, ಸೊಂಟ ಬಗ್ಗಿದ್ದ ಕಂಬಿಗಳಿಗೆ ಪೈಪು ತೂರಿಸಿ ನೆಟ್ಟಗೆ ಮಾಡಿದರು. ತುಕ್ಕು ಹಪ್ಪಳದ ಹಾಗೆ ಉದುರಿತು. ಪಕ್ಕಕ್ಕೆ ಹೊಸ ಕಂಬಿ ಇಟ್ಟು ಮೂರು ಕಡೆ ತಂತಿ ಬಿಗಿದರು. ಹಳೇದೂ ಹೊಸದೂ ಹೀಗೆ ಅಕ್ಕಪಕ್ಕ ನಿಲ್ಲುವ ಉದ್ದಕ್ಕೆ ಲ್ಯಾಪ್ ಅನ್ನುತ್ತಾರೆ.

"ಲ್ಯಾಪ್ ಎಷ್ಟು ಬಿಟ್ಟಿದ್ದೀರಣ್ಣಾ?"

"ಐವತ್ತು ಡಯಾ ಸಾರ್. ಬುಕ್ಕಲ್ಲೇ ಇದೆ."

ಡಯಾ ಅಂದರೆ ಕಂಬಿಯ ವ್ಯಾಸ. 16 ಎಂಎಂ ಕಂಬಿಗೆ ಅದರ ಐವತ್ತು ಪಟ್ಟು ಅಂದರೆ 800 ಎಂಎಂ, ಎರಡೂವರೆ ಅಡಿಗಿಂತ ಜಾಸ್ತಿ. ಟೇಪ್ ಹಿಡಿದರೆ ಒಂದೂವರೆ ಅಡಿ.

"ಹಳೇ ಕಂಬಿ ಇರೋದೇ ಅಷ್ಟು ಸಾರ್. ನಾನೇನು ಎಳೆದು ಉದ್ದ ಮಾಡ್ಲಾ? ತಂತಿ ಬಿಗಿಯಾಗಿ ಕಟ್ಟಿದೀವಿ, ಬಿಡಿ."

ಪಾಪ, ಆ ತಂತಿ! ಅದು ಸುಮ್ನೆ ಕಂಬಿ ಅಲ್ಲಾಡದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಒಂದು ಕಂಬಿಯ ಬಲ ಕಾಂಕ್ರೀಟಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಬೇಕು. ಅದಕ್ಕೇ ಉದ್ದ ಬೇಕು.

ಅಂದಹಾಗೆ ಆ ಬುಕ್ಕು ಐಎಸ್ 456, ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ, 2000ನೇ ಇಸವಿಯದ್ದು. ಅದರಲ್ಲಿ ಎಲ್ಲಕ್ಕೂ ಐವತ್ತು ಡಯಾ ಅಂತ ಎಲ್ಲೂ ಇಲ್ಲ. ಎಂ20 ದರ್ಜೆಯ ಕಾಂಕ್ರೀಟು, 500 ದರ್ಜೆಯ ಕಂಬಿ ಅಂತ ಲೆಕ್ಕ ಹಾಕಿದರೆ, ಬಾಗಿದಾಗ ಕಂಬಿ ಎಳೆತಕ್ಕೆ ಸಿಕ್ಕುವ ಕಡೆ ಸುಮಾರು 57 ಡಯಾ, ಒತ್ತಡಕ್ಕೆ ಸಿಕ್ಕುವ ಕಡೆ 45. ಎಲ್ಲ ಕಂಬಿಯನ್ನೂ ಒಂದೇ ಮಟ್ಟದಲ್ಲಿ ಸೇರಿಸಬೇಡಿ, ಹಿಂದೆ ಮುಂದೆ ಮಾಡಿ ಅನ್ನುತ್ತದೆ. ಭೂಕಂಪದ ಬುಕ್ಕು ಐಎಸ್ 13920 ಇನ್ನೂ ಕಟ್ಟುನಿಟ್ಟು. ಪಿಲ್ಲರಿನ ಬುಡದಲ್ಲಿ ಬೇಡ, ನಡುಭಾಗದಲ್ಲೇ ಸೇರಿಸಿ, ಒಂದು ಕಡೆ ಅರ್ಧಕ್ಕಿಂತ ಜಾಸ್ತಿ ಬೇಡ, ಕಂಬಿಗಳನ್ನು ಸುತ್ತುವ ರಿಂಗು ಒತ್ತೊತ್ತಾಗಿ ಹಾಕಿ ಅನ್ನುತ್ತದೆ. ಬೆಂಗಳೂರಿಗೆ ಇದು ಕಡ್ಡಾಯ ಅಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ. 2016ರ ಭೂಕಂಪ ಮಾನಕದ ನಕ್ಷೆಯಲ್ಲಿ ಮಂಗಳೂರು ಮೂರನೇ ವಲಯ, ಅಲ್ಲಿ ಕಡ್ಡಾಯ. ಅಲ್ಲೂ ನೋಡಿ ಬಂದೆ. ಬುಡದಲ್ಲೇ.

ನಮ್ಮವರು ಸಮಾನತೆ ಬಿಟ್ಟುಕೊಡುವುದಿಲ್ಲ. ಎಲ್ಲ ಕಂಬಿಗೂ ಒಂದೇ ಜಾಗ, ಒಂದೇ ಎತ್ತರ. ಮೇಲು ಕೀಳು ಇಲ್ಲ. ಅಡುಗೆಮನೆ ಗ್ರಾನೈಟಿಗೆ ಮಾತ್ರ ಮೂರು ಅಂಗಡಿ ಸುತ್ತುತ್ತೇವೆ.

ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದವು. 2019ರಲ್ಲಿ ಧಾರವಾಡ. 2024ರಲ್ಲಿ ಬೆಂಗಳೂರಿನ ಬಾಬುಸಾಪಾಳ್ಯ. ಒಂದೊಂದಕ್ಕೆ ಒಂದೊಂದು ಕಾರಣ ಇರಬಹುದು, ನಾನು ಲ್ಯಾಪಿನ ತಲೆಗೆ ಕಟ್ಟುತ್ತಿಲ್ಲ. ಆದರೆ ಬಿದ್ದ ಮೇಲೆ ಬರುವಷ್ಟು ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಟೇಪ್ ಹಿಡಿದು ಬರಬಾರದಾ? ಕಾಂಕ್ರೀಟ್ ಮುಚ್ಚಿದ ಮೇಲೆ ಯಾರಿಗೆ ಏನು ಕಾಣುತ್ತದೆ? ಹೇಳಿ ಹೇಳಿ ಸಾಕಾಗಿದೆ.

ಭಾನುವಾರ ಮೋಲ್ಡ್ ಆಯಿತು, ಪಾಯಸ ಕಳಿಸಿದರು. ತಾರಸಿ ಮೇಲೆ ಮತ್ತೆ ಒಂಬತ್ತು ಗೊಂಚಲು ಕಂಬಿ. ಮೊಮ್ಮಗನ ಮದುವೆಗಂತೆ. ಬಾಟಲಿಗಳು ಹಳೆಯವೇ.